ಗ್ಯಾಮ ಟೈಟಾನಿಯಂ ಅಲ್ಯೂಮಿನೈಡ್

ಗ್ಯಾಮ ಟೈಟಾನಿಯಂ ಅಲ್ಯೂಮಿನೈಡ್ ಎಂಬುದು ಟೈಟಾನಿಯಂ ಮತ್ತು ಅಲ್ಯೂಮಿನಿಯಂ ಎಂಬೆರಡು ಮೂಲಧಾತುಗಳ ಪರಮಾಣುಗಳು ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿ ಕೂಡಿ, ಸ್ಫಟಿಕಜಾಲದಲ್ಲಿ ತಮತಮಗೆ ನಿಯತವಾದ ಸ್ಥಾನಗಳಲ್ಲಿ ನೆಲೆಗೊಳ್ಳುವುದರಿಂದ ಉಂಟಾಗುವ, ಹಗುರವೂ ಉಷ್ಣಸಹವೂ ಆದ ಅಂತರಲೋಹೀಯ ಸಂಯುಕ್ತ. ಘನ ಸೆಂಟಿಮೀಟರಿಗೆ ಸುಮಾರು 3.8 ಗ್ರಾಂ ಸಾಂದ್ರತೆಯುಳ್ಳ ಈ ವಸ್ತು 1460° ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ದ್ರವಿಸುವುದು. ವಿಮಾನದ ಎಂಜಿನ್ನುಗಳಲ್ಲಿ ಚಿರಕಾಲದಿಂದ ಬಳಕೆಯಲ್ಲಿರುವ ಉಷ್ಣಸಹ ನಿಕಲ್ ಮಿಶ್ರಲೋಹಗಳ ಅರ್ಧದಷ್ಟು ಮಾತ್ರ ತೂಗಿ, 700°ಯಿಂದ 750° ಸೆಲ್ಸಿಯಸ್ಸಿನವರೆಗೆ ತನ್ನ ದಾರ್ಢ್ಯವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುವುದೇ ಇದರ ಪ್ರಾಮುಖ್ಯಕ್ಕೆ ಕಾರಣ. ಟಂಗ್‌ಸ್ಟನ್, ಮಾಲಿಬ್ಡಿನಂ, ನಯೋಬಿಯಂಗಳಂತೆ 2000°ಗೂ ಮೇಲ್ಪಟ್ಟು ದ್ರವಿಸುವ ಲೋಹಗಳನ್ನು ಉಷ್ಣಸಹವೆಂದು ಕರೆಯುವ ಕಟ್ಟುನಿಟ್ಟಾದ ಅರ್ಥದಲ್ಲಿ ಇದು ಆ ವರ್ಗಕ್ಕೆ ಸೇರತಕ್ಕುದಲ್ಲ; ತನ್ನ ತೂಕಕ್ಕೆ ಹೋಲಿಸಿ ನೋಡಿದಾಗ ಕಾವನ್ನು ತಾಳುವ ಇದರ ಶಕ್ತಿ ಅಸಾಧಾರಣವಾದುದೆಂಬ ಅರ್ಥದಲ್ಲಿ ಮಾತ್ರ ಆ ಹೆಸರು ಸಲ್ಲುವುದು.

ಸ್ವರೂಪ

ಸಾಧಾರಣ ಮಿಶ್ರಲೋಹದಲ್ಲಿ ಒಂದು ಲೋಹದ ಸ್ಫಟಿಕಜಾಲದೊಳಗೆ ಮತ್ತೊಂದರ ಪರಮಾಣುಗಳು ಯಾವ ನಿಯಮಕ್ಕೂ ಒಳಪಡದೆ ಅಲ್ಲಲ್ಲಿ ಸೇರಿಕೊಂಡಿರುವುವು. ಅಂತರಲೋಹೀಯ ಸಂಯುಕ್ತದಲ್ಲಾದರೋ ಪ್ರತಿಯೊಂದು ಜಾತಿಯ ಪರಮಾಣುವಿಗೂ ಗೊತ್ತಾದ ಸ್ಥಾನವುಂಟು. ಟೈಟಾನಿಯಮ್ಮಿನ ನೆರೆಯಲ್ಲಿ ಅಲ್ಯೂಮಿನಿಯಮ್ಮೂ ಅಲ್ಯೂಮಿನಿಯಮ್ಮಿನ ನೆರೆಯಲ್ಲಿ ಟೈಟಾನಿಯಮ್ಮೂ ನಿಯತ ದಿಕ್ಕುಗಳಲ್ಲಿ ಇರಬೇಕೆಂಬ ಕ್ರಮವನ್ನು ಸ್ಫಟಿಕವು ಉದ್ದಗಲಕ್ಕೂ ಪಾಲಿಸುವುದು. ವಿಜಾತೀಯ ಪರಮಾಣುಗಳ ನಡುವಣ ಬಂಧವು ಸಜಾತೀಯ ಪರಮಾಣುಗಳ ನಡುವಣ ಬಂಧಕ್ಕಿಂತ ಬಲವಾದುದು. ಅಲ್ಲದೆ ಅದು ಲೋಹಬಂಧದಂತೆ ಎಲ್ಲ ದಿಕ್ಕುಗಳಿಗೂ ಸಮವಾಗಿ ಹರಡಿಕೊಳ್ಳದೆ, ಕೆಲಮಟ್ಟಿಗೆ ಸಹವೇಲೆನ್ಸೀಯ ಬಂಧದಂತೆ ನಿರ್ದಿಷ್ಟ ದಿಕ್ಕಿನ ಕಡೆಗೆ ವಾಲಿರುವುದು. ಪರಮಾಣುಗಳು ತಮ್ಮ ಸ್ಥಾನವನ್ನು ಬಿಟ್ಟು ಅಲೆಯುವುದು ಇದರಿಂದ ಕಷ್ಟವಾಗುವುದಾಗಿ, ಕಾವೇರಿದರೂ ವಸ್ತುವು ಸುಲಭವಾಗಿ ಮೆತ್ತಗಾಗದು. ಆದರೆ ಲೋಹವನ್ನು ಬಾಗಿಸುವುದಕ್ಕೂ ಎಳೆಯುವುದಕ್ಕೂ ಅವಶ್ಯವಾದ ಪರಮಾಣುಶ್ರೇಣಿಗಳ ಜಾರುವಿಕೆಯನ್ನು ತಡೆಯುವುದೂ ಅದೇ ಬಂಧವೇ ಆದುದರಿಂದ, ತಣ್ಣಗಿರುವಾಗ ಈ ವಸ್ತು ಭಿದುರವಾಗಿ, ಅಲ್ಪ ವಿರೂಪಕ್ಕೇ ಬಿರುಕುಬಿಡುವುದು. ಉಷ್ಣದಾರ್ಢ್ಯವೂ ಭಿದುರತೆಯೂ ಹೀಗೆ ಒಂದೇ ಮೂಲದಿಂದ ಹೊರಟವು; ಒಂದನ್ನು ಉಳಿಸಿಕೊಂಡು ಮತ್ತೊಂದನ್ನು ಸಹ್ಯವಾಗುವಷ್ಟು ಮಟ್ಟಿಗೆ ತಗ್ಗಿಸುವ ಪ್ರಯತ್ನವೇ ಈ ಸಂಯುಕ್ತದ ಇತಿಹಾಸದ ಬಹುಭಾಗವೆನ್ನಬಹುದು.

ಟೈಟಾನಿಯಂ ಮತ್ತು ಅಲ್ಯೂಮಿನಿಯಂಗಳ ನಡುವೆ ಇಂಥ ಸಂಯುಕ್ತಗಳು ಹಲವುಂಟು. ಮೂರು ಟೈಟಾನಿಯಂ ಪರಮಾಣುಗಳಿಗೆ ಒಂದು ಅಲ್ಯೂಮಿನಿಯಂ ಪರಮಾಣು ಸೇರಿದ್ದು ಆಲ್ಫ-2; ಒಂದಕ್ಕೆ ಒಂದರಂತೆ ಸೇರಿದ್ದು ಗ್ಯಾಮ; ಒಂದು ಟೈಟಾನಿಯಂ ಪರಮಾಣುವಿಗೆ ಮೂರು ಅಲ್ಯೂಮಿನಿಯಂ ಪರಮಾಣುಗಳುಳ್ಳದ್ದು ಟ್ರೈಅಲ್ಯೂಮಿನೈಡ್. ಕೊನೆಯದು ಎಲ್ಲಕ್ಕಿಂತ ಹಗುರವೂ ಉತ್ಕರ್ಷಣವನ್ನು ಚೆನ್ನಾಗಿ ತಡೆಯತಕ್ಕದ್ದೂ ಆಗಿದ್ದರೂ ಭಿದುರತೆ ಮಿತಿಮೀರಿರುವುದರಿಂದ ಯಂತ್ರಭಾಗಗಳಿಗೆ ಒದಗಲಿಲ್ಲ. ಈ ಲೇಖನದಲ್ಲಿ ಗ್ಯಾಮವೇ ಪ್ರಧಾನ ವಿಷಯ. ಅದರೊಡನೆ ಸದಾ ಬೆರೆತು ಬರುವುದರಿಂದ ಆಲ್ಫ-2ರ ಪ್ರಸ್ತಾಪವೂ ಅನಿವಾರ್ಯ. ಮುಂದೆ ಕೊಟ್ಟಿರುವ ಸಂಯೋಜನೆಗಳೆಲ್ಲ ನೂರು ಪರಮಾಣುಗಳಲ್ಲಿ ಇಂತಿಷ್ಟೆಂಬ ಲೆಕ್ಕದವು; ತೂಕದ ಲೆಕ್ಕವನ್ನು ಹಿಡಿದಲ್ಲಿ ಅದನ್ನು ಬೇರೆಯಾಗಿ ಹೇಳಿದೆ.

ಸಂಶೋಧನೆಯ ಇತಿಹಾಸ

ಟೈಟಾನಿಯಮ್ಮನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಉದ್ಯಮವು ಎರಡನೆಯ ಮಹಾಯುದ್ಧದ ಅನಂತರ ಅಮೆರಿಕದಲ್ಲಿ ತಲೆಯೆತ್ತಿದಾಗ, ಆ ಲೋಹಕ್ಕೆ ಅಲ್ಯೂಮಿನಿಯಮ್ಮನ್ನು ಬೇರೆಬೇರೆ ಪ್ರಮಾಣಗಳಲ್ಲಿ ಬೆರೆಸಿದರೆ ಯಾವ ಯಾವ ಸ್ಥಿತಿಗಳು ದೊರೆಯುವುವೆಂಬುದನ್ನು ತಿಳಿಯುವ ಕುತೂಹಲವು ಸಹಜವಾಗಿಯೇ ಹುಟ್ಟಿ, 1950ರ ದಶಕದ ಮೊದಲ ವರ್ಷಗಳಲ್ಲಿಯೇ ಈ ಜೋಡಿಯ ಸ್ಥಿತಿಚಿತ್ರಗಳು ಪ್ರಕಟವಾದುವು. 1956ರಲ್ಲಿ ಮೆಕ್ಯಾಂಡ್ರೂ ಮತ್ತು ಕೆಸ್ಲರ್ ಎಂಬ ಲೋಹವಿಜ್ಞಾನಿಗಳು, ತೂಕದಲ್ಲಿ ನೂರಕ್ಕೆ 36 ಭಾಗ ಅಲ್ಯೂಮಿನಿಯಂ ಉಳ್ಳ, ಎಂದರೆ ಪರಮಾಣುಗಳ ಲೆಕ್ಕದಲ್ಲಿ ಸರಿಸಮವಾದ, ಮಿಶ್ರಣವು ಉಚ್ಚತಾಪದ ಮಿಶ್ರಲೋಹಗಳಿಗೆ ಆಧಾರವಾಗಬಲ್ಲುದೆಂದು ತೋರಿಸಿದರು. ಆದರೆ ಕೋಣೆಯ ಉಷ್ಣತೆಯಲ್ಲಿ ಅದು ತೋರಿದ ಭಿದುರತೆಯಿಂದ ಯಂತ್ರಶಿಲ್ಪಿಗಳು ಹಿಂಜರಿದರು. ಸುಮಾರು ಎರಡು ದಶಕಗಳ ಕಾಲ ವಿಷಯವು ಅಲ್ಲಿಗೇ ನಿಂತಿತು.

1970ರ ದಶಕದಲ್ಲಿ ಅಮೆರಿಕದ ವಾಯುಸೇನೆಯ ಆಶ್ರಯದಲ್ಲಿ ಕೆಲಸ ಮತ್ತೆ ಪ್ರಾರಂಭವಾಯಿತು. ಪ್ರ್ಯಾಟ್ ಅಂಡ್ ವಿಟ್ನಿ ಸಂಸ್ಥೆಯಲ್ಲಿ ಬ್ಲ್ಯಾಕ್‌ಬರ್ನ್ ಮತ್ತು ಆತನ ಸಹೋದ್ಯೋಗಿಗಳು 48 ಭಾಗ ಅಲ್ಯೂಮಿನಿಯಮ್ಮಿಗೆ 1 ಭಾಗ ವೆನೇಡಿಯಮ್ಮನ್ನೂ ಅತ್ಯಲ್ಪ ಇಂಗಾಲವನ್ನೂ ಸೇರಿಸಿ ಮೊದಲ ಪೀಳಿಗೆಯ ಮಿಶ್ರಲೋಹವನ್ನು ರೂಪಿಸಿದರು. 1980ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಹುವಾಂಗ್ ಎಂಬ ವಿಜ್ಞಾನಿ 48 ಭಾಗ ಅಲ್ಯೂಮಿನಿಯಂ, 2 ಭಾಗ ಕ್ರೋಮಿಯಂ, 2 ಭಾಗ ನಯೋಬಿಯಂಗಳಿಂದ ಕೂಡಿದ ಎರಡನೆಯ ಪೀಳಿಗೆಯ ಮಿಶ್ರಲೋಹವನ್ನು ಕಂಡುಹಿಡಿದನು. ಇದಕ್ಕೆ 1989ರಲ್ಲಿ ಪೇಟೆಂಟು ದೊರೆಯಿತು. ಕ್ರೋಮಿಯಮ್ಮು ಎಳೆತಕ್ಕೆ ಒಗ್ಗುವ ಗುಣವನ್ನೂ ನಯೋಬಿಯಮ್ಮು ಉತ್ಕರ್ಷಣವನ್ನು ತಡೆಯುವ ಗುಣವನ್ನೂ ಇದಕ್ಕೆ ತಂದುಕೊಟ್ಟುವು. 1993ರಲ್ಲಿ ಈ ಮಿಶ್ರಲೋಹದಿಂದ ಎರಕಹೊಯ್ದ 98 ಅಲಗುಗಳನ್ನು ಸಿಎಫ್6 ಎಂಜಿನ್ನಿನ ಅಲ್ಪಚಾಪದ ಟರ್ಬೈನಿನಲ್ಲಿ ಕೂಡಿಸಿ, ಸಾವಿರಕ್ಕೂ ಮೇಲ್ಪಟ್ಟ ಕೃತಕ ಹಾರಾಟಚಕ್ರಗಳಿಗೆ ಒಡ್ಡಿ ಪರೀಕ್ಷಿಸಿದರು. ಅಲಗುಗಳು ಪರೀಕ್ಷೆಯಲ್ಲಿ ಉತ್ತೀರ್ಣವಾದುವು. ಆದರೂ ಪ್ರಯಾಣಿಕರ ವಿಮಾನದಲ್ಲಿ ಇವು ಸ್ಥಾನ ಪಡೆಯಲು ಮತ್ತೆ ಹದಿನೆಂಟು ವರ್ಷಗಳು ಬೇಕಾದುವು. ಭಿದುರ ವಸ್ತುವೊಂದನ್ನು ಮನುಷ್ಯರ ಪ್ರಾಣಕ್ಕೆ ಹೊಣೆಯಾಗುವ ಸ್ಥಾನದಲ್ಲಿ ನಿಲ್ಲಿಸುವುದಕ್ಕೆ ಎಷ್ಟು ಪರೀಕ್ಷೆ ಬೇಕೋ ಅಷ್ಟು ನಡೆಯಿತೆಂಬುದು ಮೆಚ್ಚತಕ್ಕ ಸಂಗತಿ.

ಸ್ಫಟಿಕರಚನೆ

ಗ್ಯಾಮದ ಸ್ಫಟಿಕವು ಚತುಷ್ಕೋಣೀಯ ವರ್ಗಕ್ಕೆ ಸೇರಿದ್ದು. ಮುಖಕೇಂದ್ರಿತ ಘನದ ಮೂಲೆಗಳಲ್ಲಿಯೂ ಮುಖಮಧ್ಯಗಳಲ್ಲಿಯೂ ಪರಮಾಣುಗಳನ್ನಿಟ್ಟು, ಒಂದು ಸಮತಲದಲ್ಲಿ ಬರಿಯ ಟೈಟಾನಿಯಂ, ಅದರ ಮೇಲಣ ಸಮತಲದಲ್ಲಿ ಬರಿಯ ಅಲ್ಯೂಮಿನಿಯಂ, ಮತ್ತೆ ಟೈಟಾನಿಯಂ ಹೀಗೆ ಪರ್ಯಾಯವಾಗಿ ಜೋಡಿಸಿದರೆ ಈ ರಚನೆ ದೊರೆಯುವುದು. ಎರಡು ಜಾತಿಯ ಸಮತಲಗಳು ಒಂದರ ಮೇಲೊಂದು ಬರುವುದರಿಂದ ಘನವು ಒಂದು ದಿಕ್ಕಿನಲ್ಲಿ ಕೊಂಚ ಉದ್ದವಾಗಿ, ಎತ್ತರಕ್ಕೂ ಅಗಲಕ್ಕೂ ಇರುವ ನಿಷ್ಪತ್ತಿ ಸುಮಾರು 1.02 ಆಗುವುದು, ಅಗಲದ ಅಳತೆ 0.4 ನ್ಯಾನೊಮೀಟರು. ಈ ಸುವ್ಯವಸ್ಥೆಯು ಗ್ಯಾಮದಲ್ಲಿ ದ್ರವನಬಿಂದುವಿನವರೆಗೂ ಬಹುಮಟ್ಟಿಗೆ ಉಳಿಯುವುದು. ಆಲ್ಫ-2ರ ಸ್ಫಟಿಕವು ಷಟ್ಕೋಣೀಯವಾದುದು. ಅದು 1100°ಯನ್ನು ಮೀರಿದ ಮೇಲೆ ತನ್ನ ಕ್ರಮವನ್ನು ಕಳೆದುಕೊಂಡು ಅವ್ಯವಸ್ಥಿತವಾದ ಆಲ್ಫ ಸ್ಥಿತಿಗೆ ಮರಳುವುದು.

ಲೋಹವು ಮುರಿಯದೆ ಬಾಗಬೇಕಾದರೆ ಅದರ ಸ್ಫಟಿಕದೊಳಗಿನ ಪಲ್ಲಟರೇಖೆಗಳು, ಎಂದರೆ ಪರಮಾಣುಗಳ ಸಾಲು ಅರ್ಧಕ್ಕೆ ನಿಂತುಹೋಗಿರುವ ರೇಖಾರೂಪದ ದೋಷಗಳು, ಚಲಿಸಬೇಕು. ಗ್ಯಾಮದಲ್ಲಿ ಒಂದೇ ಜಾತಿಯ ಪರಮಾಣುಗಳ ಸಾಲಿನುದ್ದಕ್ಕೂ ಜಾರುವ ಸಾಧಾರಣ ಪಲ್ಲಟರೇಖೆಗಳು ಕ್ರಮವನ್ನು ಕೆಡಿಸದೆ ಸಾಗಬಲ್ಲುವು. ಎರಡು ಜಾತಿಗಳನ್ನೂ ಹಾಯ್ದು ಹೋಗತಕ್ಕವು ಕ್ರಮಭಂಗ ಮಾಡುವುದರಿಂದ ಇಮ್ಮಡಿ ದೂರವನ್ನು ಜೋಡಿಯಾಗಿ ಕ್ರಮಿಸಬೇಕಾಗುವುದು. ಇವುಗಳಿಗೆ ಮೂರನೆಯ ಸಾಧನವಾಗಿ ಯಮಳನ ಎಂಬ ಕ್ರಿಯೆಯು ಸೇರುವುದು. ಸ್ಫಟಿಕದ ಒಂದು ಭಾಗ ಪಕ್ಕದ ಭಾಗಕ್ಕೆ ಕನ್ನಡಿಯ ಬಿಂಬದಂತೆ ಹೊರಳಿಕೊಳ್ಳುವುದೇ ಯಮಳನ. ಕೋಣೆಯ ಉಷ್ಣತೆಯಲ್ಲಿ ಗ್ಯಾಮಕ್ಕೆ ಇರುವ ಅಲ್ಪಸ್ವಲ್ಪ ತನ್ಯತೆಯೆಲ್ಲ ಸಾಧಾರಣ ಪಲ್ಲಟರೇಖೆಗಳಿಂದಲೂ ಯಮಳನದಿಂದಲೂ ಬಂದುದು.

ಸೂಕ್ಷ್ಮರಚನೆ

ಶುದ್ಧ ಗ್ಯಾಮವು ಎಂಜಿನಿಯರುಗಳಿಗೆ ಅಷ್ಟಾಗಿ ಪ್ರಯೋಜನಕ್ಕೆ ಬಂದಿಲ್ಲ. ಅಲ್ಯೂಮಿನಿಯಮ್ಮಿನ ಪ್ರಮಾಣವನ್ನು ಐವತ್ತರಿಂದ ನಲವತ್ತೆಂಟಕ್ಕೆ ಇಳಿಸಿದರೆ ಗ್ಯಾಮದ ನಡುವೆ ಸ್ವಲ್ಪ ಆಲ್ಫ-2 ಹುಟ್ಟಿಕೊಂಡು, ತನ್ಯತೆ ಕಡಿಮೆಯಾಗುವುದರ ಬದಲು ಹೆಚ್ಚುವುದೆಂಬುದು ಈ ಕ್ಷೇತ್ರದ ಅತ್ಯಂತ ಫಲಪ್ರದವಾದ ಸಂಶೋಧನೆ. ಆಲ್ಫ-2 ತಾನಾಗಿ ಹೆಚ್ಚು ಭಿದುರವಾದರೂ ಆಮ್ಲಜನಕವನ್ನು ತನ್ನೊಳಕ್ಕೆ ಹೀರಿಕೊಂಡು, ಅದರಿಂದ ಗಡುಸಾಗಬೇಕಿದ್ದ ಗ್ಯಾಮವನ್ನು ಶುದ್ಧಗೊಳಿಸುವುದೆಂಬುದು ಇದಕ್ಕೆ ಕೊಡುವ ಕಾರಣಗಳಲ್ಲಿ ಮುಖ್ಯವಾದುದು.

ಇಂಥ ಮಿಶ್ರಲೋಹವನ್ನು ಆಲ್ಫ ಸ್ಥಿತಿಯವರೆಗೆ ಕಾಯಿಸಿ ಆರಿಸಿದರೆ, ಪ್ರತಿಯೊಂದು ಕಣದೊಳಗೂ ಆಲ್ಫ-2 ಮತ್ತು ಗ್ಯಾಮಗಳು ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ಸಮಾಂತರ ಪದರಗಳಾಗಿ ಬೇರ್ಪಡುವುವು. ಪದರಗಳ ದಪ್ಪವು, ಆರಿಸುವ ವೇಗವನ್ನನುಸರಿಸಿ, ಕೆಲವು ಹತ್ತು ನ್ಯಾನೊಮೀಟರುಗಳಿಂದ ಮೈಕ್ರೊಮೀಟರಿನವರೆಗೆ ಇರುವುದು. ಷಟ್ಕೋಣೀಯ ಸ್ಫಟಿಕದ ತಳದ ಸಮತಲಕ್ಕೆ ಗ್ಯಾಮದ ಅತಿನಿಬಿಡವಾದ ಸಮತಲವು ಹೊಂದಿಕೊಂಡಿರುವ ಈ ಸಂಬಂಧವನ್ನು 1970ರಲ್ಲಿ ಬ್ಲ್ಯಾಕ್‌ಬರ್ನ್ ವಿವರಿಸಿದ್ದರಿಂದ ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಕಾಯಿಸುವ ಉಷ್ಣತೆಯನ್ನು ಬದಲಾಯಿಸುವುದರಿಂದ ನಾಲ್ಕು ಬಗೆಯ ಸೂಕ್ಷ್ಮರಚನೆಗಳನ್ನು ಪಡೆಯಬಹುದು: ಬಹುತೇಕ ಗ್ಯಾಮಕಣಗಳೇ ತುಂಬಿರುವುದು, ಗ್ಯಾಮಕಣಗಳೂ ಪದರಕಣಗಳೂ ಬೆರೆತಿರುವ ದ್ವಿರೂಪ, ಬಹುಪಾಲು ಪದರಮಯ, ಪೂರ್ಣ ಪದರಮಯ. ದ್ವಿರೂಪದ ಕಣಗಳು ಸಣ್ಣವಾಗಿದ್ದು ಎಳೆತದಲ್ಲಿ ಮೇಲಾದುವು. ಪೂರ್ಣ ಪದರಮಯವು ಬಿರುಕು ಹಬ್ಬುವುದನ್ನು ತಡೆಯುವುದರಲ್ಲಿಯೂ ಕಾವಿನಲ್ಲಿ ದೀರ್ಘಕಾಲ ಭಾರ ಹೊರುವುದರಲ್ಲಿಯೂ ಮೇಲಾದುದು. ಬಿರುಕು ಪದರಗಳನ್ನು ಅಡ್ಡಹಾಯುವಾಗ ಪ್ರತಿಯೊಂದು ಅಂಚಿನಲ್ಲಿಯೂ ತಿರುಗಿ, ಕವಲೊಡೆದು, ಸೇತುವೆಯಂತೆ ಉಳಿದ ಪದರಗಳನ್ನು ಹರಿಯಬೇಕಾಗುವುದರಿಂದ ಅದರ ಶಕ್ತಿ ಅಲ್ಲಲ್ಲಿಯೇ ವ್ಯಯವಾಗುವುದು.

ಪದರಗಳೆಲ್ಲ ಒಂದೇ ದಿಕ್ಕಿಗೆ ಇರುವ ಒಂಟಿ ಕಣವನ್ನು ಬೆಳೆಸಿ ಪರೀಕ್ಷಿಸುವ ಪದ್ಧತಿಯನ್ನು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಯಮಗುಚಿ ಮತ್ತು ಸಂಗಡಿಗರು 1990ರ ಸುಮಾರಿನಲ್ಲಿ ಪ್ರಾರಂಭಿಸಿದರು. ಇದನ್ನು ಬಹುಯಮಳ ಸ್ಫಟಿಕವೆನ್ನುವರು. ಪದರಗಳಿಗೆ ಲಂಬವಾಗಿ ಎಳೆದರೆ ದಾರ್ಢ್ಯ ಅತ್ಯಧಿಕವೂ ತನ್ಯತೆ ಶೂನ್ಯಪ್ರಾಯವೂ ಆಗುವುದೆಂದೂ, ಓರೆಯಾಗಿ ಎಳೆದಾಗ ಸುಲಭವಾಗಿ ಬಾಗುವುದೆಂದೂ, ಪದರಗಳಿಗೆ ಸಮಾಂತರವಾಗಿ ಎಳೆದಾಗ ಮಾತ್ರ ಎರಡು ಗುಣಗಳೂ ಒಟ್ಟಿಗೆ ದೊರೆಯುವುವೆಂದೂ ಈ ಪ್ರಯೋಗಗಳಿಂದ ಸ್ಥಿರಪಟ್ಟಿತು.

ಗುಣಧರ್ಮಗಳು

ವ್ಯವಹಾರದಲ್ಲಿರುವ ಗ್ಯಾಮ ಮಿಶ್ರಲೋಹಗಳ ಸಾಂದ್ರತೆ, ಸೇರಿಸಿದ ಭಾರಧಾತುಗಳನ್ನನುಸರಿಸಿ, ಘನ ಸೆಂಟಿಮೀಟರಿಗೆ 3.9ರಿಂದ 4.2 ಗ್ರಾಮಿನವರೆಗೆ ಇರುವುದು. ಸಾಮಾನ್ಯ ಟೈಟಾನಿಯಂ ಮಿಶ್ರಲೋಹಗಳದು ಸುಮಾರು 4.5, ನಿಕಲ್ ಮಿಶ್ರಲೋಹಗಳದು 8ಕ್ಕೂ ಮೇಲು. ಸ್ಥಿತಿಸ್ಥಾಪಕತೆಯ ಗುಣಾಂಕವು 160ರಿಂದ 180 ಗಿಗಾಪಾಸ್ಕಲ್. ಟೈಟಾನಿಯಮ್ಮಿನ ಗುಣಾಂಕವಾದ 110ಕ್ಕಿಂತ ಇದು ಬಹಳ ಹೆಚ್ಚು. ಹಗುರವಾಗಿದ್ದೂ ಬಿಗಿಯಾಗಿರುವುದರಿಂದ ಇದರಿಂದ ಮಾಡಿದ ಅಲಗಿನ ಸ್ವಾಭಾವಿಕ ಕಂಪನಸಂಖ್ಯೆ ಏರಿ, ಎಂಜಿನ್ನಿನ ತಿರುಗುವಿಕೆಯೊಡನೆ ಅನುರಣನಗೊಂಡು ಕೆಡುವ ಭಯ ಕಡಿಮೆಯಾಗುವುದು. ವ್ಯಾಕೋಚನವು ನಿಕಲ್ ಮಿಶ್ರಲೋಹಗಳಿಗಿಂತ ಅಲ್ಪ. ಟೈಟಾನಿಯಂ ಮಿಶ್ರಲೋಹಗಳು ಎಂಜಿನ್ನಿನೊಳಗೆ ಉಜ್ಜಿಕೊಂಡಾಗ ಹೊತ್ತಿ ಉರಿಯುವ ಅಪಾಯವುಂಟು. ಗ್ಯಾಮವು ಹಾಗೆ ಸುಲಭವಾಗಿ ಹೊತ್ತಿಕೊಳ್ಳದೆಂಬುದು ಇದರ ಇನ್ನೊಂದು ಗುಣ.

ಶರಣಾಗುವ ಒತ್ತಡ, ಎಂದರೆ ವಸ್ತುವು ಶಾಶ್ವತವಾಗಿ ವಿರೂಪಗೊಳ್ಳಲು ಪ್ರಾರಂಭಿಸುವ ಒತ್ತಡವು, ಎರಕದ ಮಿಶ್ರಲೋಹಗಳಲ್ಲಿ 400 ಮೆಗಾಪಾಸ್ಕಲ್ಲಿನ ಆಸುಪಾಸಿನಲ್ಲಿದ್ದು, ನಯೋಬಿಯಂ ಹೆಚ್ಚಾಗಿರುವ ಬಡಿದ ಮಿಶ್ರಲೋಹಗಳಲ್ಲಿ 1000 ಮೆಗಾಪಾಸ್ಕಲ್ಲಿನವರೆಗೂ ಏರುವುದುಂಟು. ಕೋಣೆಯ ಉಷ್ಣತೆಯಲ್ಲಿ ತನ್ಯತೆ ನೂರಕ್ಕೆ ಒಂದೆರಡು ಭಾಗಗಳಿಗೆ ಮೀರದು. 600°ಯಿಂದ 800°ಯ ನಡುವೆ ಎಲ್ಲಿಯೋ, ಸಂಯೋಜನೆಗೂ ಎಳೆಯುವ ವೇಗಕ್ಕೂ ತಕ್ಕಂತೆ, ಭಿದುರಾವಸ್ಥೆಯಿಂದ ತನ್ಯಾವಸ್ಥೆಗೆ ಪರಿವರ್ತನೆಯಾಗುವುದು. ಎಂಜಿನ್ನು ಓಡುತ್ತಿರುವಾಗ ಅಲಗು ಇರುವ ಉಷ್ಣತೆಯೂ ಇದರ ಸಮೀಪದ್ದೇ. ಆದರೆ ಅಲಗನ್ನು ಕೊರೆದು, ಜೋಡಿಸಿ, ಸಾಗಿಸುವುದೂ ಎಂಜಿನ್ನನ್ನು ಪ್ರಾರಂಭಿಸುವುದೂ ತಣ್ಣಗಿರುವಾಗಲೇ ನಡೆಯತಕ್ಕ ಕೆಲಸಗಳಾದುದರಿಂದ, ಕೋಣೆಯ ಉಷ್ಣತೆಯ ಆ ಒಂದು ಭಾಗದ ತನ್ಯತೆಗಾಗಿ ಲೋಹವಿಜ್ಞಾನಿಗಳು ದಶಕಗಟ್ಟಲೆ ಶ್ರಮಿಸಿದುದು ಸಾರ್ಥಕವೇ ಸರಿ.

ಬಿರುಕುತಡೆಯ ಅಳತೆಯಾದ ಭಂಗದೃಢತೆಯು ಗ್ಯಾಮಕಣಗಳ ರಚನೆಯಲ್ಲಿ ಹತ್ತರ ಆಸುಪಾಸಿನಲ್ಲಿದ್ದರೆ, ಪದರಮಯ ರಚನೆಯಲ್ಲಿ, ಮೆಗಾಪಾಸ್ಕಲ್ ಗುಣಿಸು ಮೀಟರಿನ ವರ್ಗಮೂಲವೆಂಬ ಅದೇ ಮಾನದಲ್ಲಿ, 20ರಿಂದ 30ರವರೆಗೆ ಏರುವುದು. ಲೋಹದಣಿವಿನ ವಿಷಯದಲ್ಲಿ ಒಂದು ವೈಲಕ್ಷಣ್ಯವನ್ನು ಗಮನಿಸಬೇಕು. ಬಿರುಕು ಹುಟ್ಟಲು ಬೇಕಾದ ಒತ್ತಡಕ್ಕೂ, ಹುಟ್ಟಿದ ಬಿರುಕು ವೇಗವಾಗಿ ಬೆಳೆದು ಅಲಗನ್ನು ತುಂಡರಿಸಲು ಬೇಕಾದ ಒತ್ತಡಕ್ಕೂ ಅಂತರ ಅತ್ಯಲ್ಪ. ಬಿರುಕನ್ನು ತಪಾಸಣೆಯಲ್ಲಿ ಕಂಡು ಭಾಗವನ್ನು ಬದಲಿಸೋಣವೆಂಬ ರೂಢಿಯ ಕ್ರಮಕ್ಕೆ ಇಲ್ಲಿ ಎಡೆಯಿಲ್ಲ. ಬಿರುಕು ಬೆಳೆಯಲು ಸಾಧ್ಯವೇ ಆಗದಷ್ಟು ಕೆಳಮಟ್ಟದಲ್ಲಿ ಒತ್ತಡವನ್ನಿಟ್ಟು ಅಲಗನ್ನು ಪರಿಕಲ್ಪಿಸಬೇಕಾಗುವುದು.

ಕಾವಿನಲ್ಲಿ ಭಾರ ಹೊತ್ತ ವಸ್ತುವು ನಿಧಾನವಾಗಿ ಉದ್ದವಾಗುತ್ತ ಹೋಗುವುದಕ್ಕೆ ಮಂದಸರಣವೆಂದು ಹೆಸರು. ಪದರಮಯ ರಚನೆಯೂ ಇಂಗಾಲ, ಸಿಲಿಕಾನ್, ಟಂಗ್‌ಸ್ಟನ್‌ಗಳ ಅಲ್ಪ ಸೇರ್ಪಡೆಯೂ ಇದನ್ನು ತಗ್ಗಿಸುವುವು. ಬೋರಾನು ಎರಕದಲ್ಲಿ ಕಣಗಳನ್ನು ಸಣ್ಣದು ಮಾಡುವುದು.

ಉತ್ಕರ್ಷಣ

ಗ್ಯಾಮದ ಬಳಕೆಗೆ ಮೇಲ್ಮಿತಿಯನ್ನು ಹಾಕುವುದು ಅದರ ದಾರ್ಢ್ಯ ಮಾತ್ರವಲ್ಲ, ಗಾಳಿಯಲ್ಲಿನ ಆಮ್ಲಜನಕದೊಡನೆ ಅದು ನಡೆಸುವ ರಾಸಾಯನಿಕ ಕ್ರಿಯೆಯೂ ಹೌದು. ಅರ್ಧದಷ್ಟು ಅಲ್ಯೂಮಿನಿಯಂ ಇರುವ ವಸ್ತುವಿನ ಮೇಲೆ ಕಾವಿನಲ್ಲಿ ಅಲ್ಯೂಮಿನದ, ಎಂದರೆ ಅಲ್ಯೂಮಿನಿಯಂ ಆಕ್ಸೈಡಿನ, ಒಡಕಿಲ್ಲದ ಪೊರೆ ಹುಟ್ಟಿ ಒಳಗಣ ಲೋಹವನ್ನು ಕಾಯಬೇಕೆಂದು ನಿರೀಕ್ಷಿಸುವುದು ಸಹಜ. ಆದರೆ ಈ ಸಂಯೋಜನೆಯಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಸ್ಥಿರತೆಯೂ ಟೈಟಾನಿಯಂ ಆಕ್ಸೈಡಿನ ಸ್ಥಿರತೆಯೂ ಹೆಚ್ಚುಕಡಿಮೆ ಸಮವಾಗಿರುವುದರಿಂದ ಎರಡೂ ಜೊತೆಜೊತೆಯಾಗಿ ಬೆಳೆಯುವುವು. ಟೈಟಾನಿಯಂ ಡೈಆಕ್ಸೈಡು ಶೀಘ್ರವಾಗಿ ಬೆಳೆಯತಕ್ಕದ್ದೂ ಬಿರುಸಾದುದೂ ಆಗಿ ಪೊರೆಯನ್ನು ಸಡಿಲಗೊಳಿಸುವುದು. ಗಾಳಿಯಲ್ಲಿನ ಸಾರಜನಕವು ಲೋಹದ ಅಂಚಿನಲ್ಲಿ ನೈಟ್ರೈಡುಗಳನ್ನುಂಟುಮಾಡಿ ಅಲ್ಯೂಮಿನದ ಪದರ ಕೂಡಿಕೊಳ್ಳುವುದನ್ನು ಇನ್ನಷ್ಟು ತಡೆಯುವುದು. ಸುಮಾರು 800°ಯ ಮೇಲೆ ರಕ್ಷಣೆಯಿಲ್ಲದ ಗ್ಯಾಮವನ್ನು ದೀರ್ಘಕಾಲ ಬಳಸುವುದು ಇದರಿಂದ ಅಸಾಧ್ಯವಾಗುವುದು. ಅದಕ್ಕಿಂತ ಕೆಳಗೂ, 700°ಯಲ್ಲಿ ಬಹುಕಾಲ ಇದ್ದ ಮೇಲ್ಮೈಗೆ ಆಮ್ಲಜನಕ ಹೊಕ್ಕು, ಮೊದಲೇ ಅಲ್ಪವಾಗಿದ್ದ ತನ್ಯತೆ ಮತ್ತಷ್ಟು ಕುಗ್ಗುವುದು.

ಪರಿಹಾರಗಳಲ್ಲಿ ನಯೋಬಿಯಮ್ಮನ್ನು ಸೇರಿಸುವುದು ಮೊದಲನೆಯದು. ಎರಡನೆಯದು, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ವಿಶೇಷವಾಗಿ ಅಭ್ಯಸಿಸಿದ ಹ್ಯಾಲೊಜನ್ ಪರಿಣಾಮ: ಮೇಲ್ಮೈಗೆ ಅತ್ಯಲ್ಪ ಫ್ಲೋರೀನನ್ನೋ ಕ್ಲೋರೀನನ್ನೋ ಸೇರಿಸಿದರೆ, ಅದು ಸೂಕ್ಷ್ಮರಂಧ್ರಗಳಲ್ಲಿ ಅಲ್ಯೂಮಿನಿಯಮ್ಮಿನೊಡನೆ ಮಾತ್ರ ಕೂಡಿ ಅದನ್ನು ಅನಿಲರೂಪದಲ್ಲಿ ಹೊರಕ್ಕೆ ಒಯ್ಯುವುದು, ಅಲ್ಲಿ ಆ ಸಂಯುಕ್ತವು ಆಮ್ಲಜನಕವನ್ನು ಸಂಧಿಸಿ ಶುದ್ಧ ಅಲ್ಯೂಮಿನವಾಗಿ ಕೂರುವುದು, ಹ್ಯಾಲೊಜನ್ನು ಮತ್ತೆ ಅದೇ ಕೆಲಸಕ್ಕೆ ಹಿಂತಿರುಗುವುದು. ಇಷ್ಟು ಅಲ್ಪ ದ್ರವ್ಯದಿಂದ ಇಷ್ಟು ದೊಡ್ಡ ಫಲ ದೊರೆಯುವ ಉದಾಹರಣೆ ಲೋಹರಕ್ಷಣೆಯಲ್ಲಿ ವಿರಳ. ಮೂರನೆಯ ಉಪಾಯವಾದ ಲೇಪನಗಳೂ ಉಂಟು. ಆದರೆ ಭಿದುರವಾದ ಲೇಪನದ ಬಿರುಕು ಒಳಗಣ ಲೋಹಕ್ಕೂ ಹಬ್ಬುವ ಸಂಭವವಿರುವುದರಿಂದ ಅವುಗಳ ಆಯ್ಕೆ ಸುಲಭವಲ್ಲ.

ಮಿಶ್ರಲೋಹಗಳ ಪ್ರಭೇದಗಳು

ಮೊದಲೆರಡು ಪೀಳಿಗೆಗಳನ್ನು ಮೇಲೆ ಹೇಳಿದೆ. ಮೂರನೆಯ ಪೀಳಿಗೆಯ ಮಿಶ್ರಲೋಹಗಳಲ್ಲಿ ಅಲ್ಯೂಮಿನಿಯಮ್ಮನ್ನು 45ಕ್ಕೆ ಇಳಿಸಿ ನಯೋಬಿಯಮ್ಮನ್ನು 5ರಿಂದ 10 ಭಾಗಗಳವರೆಗೆ ಏರಿಸಿರುವರು. ಜರ್ಮನಿಯ ಗೇಸ್ಟಾಖ್ಟ್ ಸಂಶೋಧನ ಕೇಂದ್ರದಲ್ಲಿಯೂ ಚೀನದ ಬೀಜಿಂಗಿನಲ್ಲಿಯೂ ಇವು ಬೆಳೆದುವು. ನಾಲ್ಕನೆಯದು ಆಸ್ಟ್ರಿಯದ ಲಿಯೋಬೆನ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಉದ್ಯಮಗಳ ಸಹಯೋಗದಿಂದ ರೂಪುಗೊಂಡ ಟಿಎನ್‌ಎಂ, ಇದರಲ್ಲಿ 43.5 ಭಾಗ ಅಲ್ಯೂಮಿನಿಯಂ, 4 ಭಾಗ ನಯೋಬಿಯಂ, 1 ಭಾಗ ಮಾಲಿಬ್ಡಿನಂ, 0.1 ಭಾಗ ಬೋರಾನ್ ಇವೆ. ಕಾವಿನಲ್ಲಿ ಮೃದುವಾದ ಬೀಟ ಸ್ಥಿತಿಯು ಇದರಲ್ಲಿ ಹೆಚ್ಚಾಗಿ ಹುಟ್ಟುವುದರಿಂದ, ಗ್ಯಾಮ ಮಿಶ್ರಲೋಹಗಳಿಗೆ ದುರ್ಲಭವಾದ ಬಡಿಯುವಿಕೆ ಇಲ್ಲಿ ಸುಸಾಧ್ಯವಾಯಿತು.

ತಯಾರಿಕೆ

ದ್ರವಿಸಿದ ಟೈಟಾನಿಯಂ ಅಲ್ಯೂಮಿನೈಡು ಸಾಮಾನ್ಯ ಮೂಸೆಗಳನ್ನೆಲ್ಲ ತಿಂದು ಅವುಗಳಿಂದ ಆಮ್ಲಜನಕವನ್ನು ಕಸಿದುಕೊಳ್ಳುವ ಸ್ವಭಾವದ್ದಾದುದರಿಂದ, ಅದನ್ನು ನಿರ್ವಾತದಲ್ಲಿ ವಿದ್ಯುಚ್ಚಾಪದಿಂದಲೋ ಪ್ಲಾಸ್ಮದಿಂದಲೋ ಕರಗಿಸುವರು. ಇಲ್ಲವೆ ನೀರಿನಿಂದ ತಂಪಾಗಿಟ್ಟ ತಾಮ್ರದ ಮೂಸೆಯಲ್ಲಿ, ಲೋಹವೇ ಮೂಸೆಯ ಗೋಡೆಗೆ ಹೆಪ್ಪುಗಟ್ಟಿ ಉಂಟಾದ ತೆಳುಚಿಪ್ಪಿನೊಳಗೆ, ಪ್ರೇರಿತ ವಿದ್ಯುತ್ತಿನಿಂದ ಕರಗಿಸುವರು. ಅಲ್ಯೂಮಿನಿಯಮ್ಮಿನ ಪ್ರಮಾಣದಲ್ಲಿ ಒಂದು ಭಾಗ ಹೆಚ್ಚುಕಡಿಮೆಯಾದರೂ ಸೂಕ್ಷ್ಮರಚನೆ ಬದಲಾಗುವುದರಿಂದ ಗಟ್ಟಿಯನ್ನು ಎರಡು ಮೂರು ಸಲ ಕರಗಿಸಿ ಸಮರಸಗೊಳಿಸುವುದು ವಾಡಿಕೆ. ಎರಕದ ಅಚ್ಚಿನ ಒಳಮೈಗೆ ಯಿಟ್ರಿಯದ ಲೇಪನವನ್ನು ಕೊಡುವರು. ಎರಕದೊಳಗಣ ಟೊಳ್ಳುಗಳನ್ನು ಮುಚ್ಚುವ ಸಲುವಾಗಿ ಅದನ್ನು ಆರ್ಗಾನ್ ಅನಿಲದಲ್ಲಿ 1200°ಯ ಆಸುಪಾಸಿನ ಕಾವಿಗೂ ಸಾವಿರಾರು ವಾಯುಭಾರಗಳ ಒತ್ತಡಕ್ಕೂ ಒಡ್ಡುವರು.

ಬಡಿದು ಮಾಡುವ ಕ್ರಮದಲ್ಲಿ ಗಟ್ಟಿಯೂ ಅಚ್ಚೂ ಒಂದೇ ಉಷ್ಣತೆಯಲ್ಲಿ, 1000°ಗೂ ಮೇಲೆ, ಇರುವಂತೆ ನೋಡಿಕೊಂಡು ನಿಧಾನವಾಗಿ ಅದುಮುವರು. ಪುಡಿಯಿಂದ ಪದರಪದರವಾಗಿ ಭಾಗವನ್ನು ಕಟ್ಟುವ ಎಲೆಕ್ಟ್ರಾನ್ ಕಿರಣದ ಮುದ್ರಣವು ಈಚಿನದು. ಲೇಸರಿನಿಂದ ಇದೇ ಕೆಲಸವನ್ನು ಮಾಡಿದರೆ ಬೇಗ ಆರುವ ಲೋಹವು ಬಿರುಕುಬಿಡುವುದು. ಎಲೆಕ್ಟ್ರಾನ್ ಕಿರಣವಾದರೆ ಪುಡಿಯ ಹಾಸನ್ನೇ 1000°ಯ ಸಮೀಪದ ಕಾವಿನಲ್ಲಿಟ್ಟಿರುವುದರಿಂದ, ಭಾಗವು ಕಟ್ಟಿ ಮುಗಿಯುವವರೆಗೂ ತನ್ಯಾವಸ್ಥೆಯಲ್ಲಿಯೇ ಉಳಿದು ಒಡೆಯದೆ ಹೊರಬರುವುದು. ನಿರ್ವಾತದಲ್ಲಿ ಅಲ್ಯೂಮಿನಿಯಂ ಕೊಂಚ ಆವಿಯಾಗಿ ಹೋಗುವುದರಿಂದ ಪುಡಿಯಲ್ಲಿಯೇ ಅದನ್ನು ತುಸು ಅಧಿಕವಾಗಿ ಇಡಬೇಕಾಗುವುದು.

ಉಪಯೋಗಗಳು

ವಿಮಾನದ ಅಲ್ಪಚಾಪದ ಟರ್ಬೈನು ಗ್ಯಾಮಕ್ಕೆ ದೊರೆತ ಪ್ರಧಾನ ಕ್ಷೇತ್ರ. ದಹನಕೋಷ್ಠದಿಂದ ಹೊರಟ ಅನಿಲವು ಉಚ್ಚಚಾಪದ ಹಂತಗಳನ್ನು ತಿರುಗಿಸಿ, ತಕ್ಕಮಟ್ಟಿಗೆ ತಣಿದು ಇಲ್ಲಿಗೆ ಬರುವುದು. ಅಲಗುಗಳು ಉದ್ದವಾಗಿಯೂ ಬಹುಸಂಖ್ಯೆಯಲ್ಲಿಯೂ ಇರುವುವು. ತಿರುಗುವ ಅಲಗು ತನ್ನ ಬುಡವನ್ನು ಎಳೆಯುವ ಕೇಂದ್ರಾಪಗಾಮಿ ಬಲವು ಅದರ ತೂಕಕ್ಕೆ ಅನುಗುಣವಾದುದು. ಅಲಗಿನ ತೂಕ ಅರ್ಧವಾದರೆ ಅದನ್ನು ಹಿಡಿದಿರುವ ಚಕ್ರವನ್ನೂ, ಚಕ್ರವನ್ನು ಹೊತ್ತ ದಂಡವನ್ನೂ, ಮುರಿದ ಅಲಗನ್ನು ತಡೆಯಬೇಕಾದ ಹೊರಕವಚವನ್ನೂ ಹಗುರಮಾಡಬಹುದು. ಅಲಗಿನಲ್ಲಿ ಉಳಿಸಿದ ತೂಕ ಹೀಗೆ ಎಂಜಿನ್ನಿನ ಇತರ ಭಾಗಗಳಲ್ಲಿಯೂ ಉಳಿತಾಯವಾಗಿ ಫಲಿಸುವುದು.

ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಜಿಇಎನ್‌ಎಕ್ಸ್ ಎಂಜಿನ್ನಿನ ಅಲ್ಪಚಾಪದ ಟರ್ಬೈನಿನ ಕೊನೆಯ ಹಂತಗಳಲ್ಲಿ ಎರಕದ ಗ್ಯಾಮ ಅಲಗುಗಳನ್ನು ಇಟ್ಟು, 2011ರಲ್ಲಿ ವಾಣಿಜ್ಯಸೇವೆಗೆ ತಂದರು. ಬೋಯಿಂಗ್ 787 ಮತ್ತು 747-8 ವಿಮಾನಗಳಲ್ಲಿ ಈ ಎಂಜಿನ್ನು ಉಪಯೋಗದಲ್ಲಿದೆ. ಲೀಪ್ ಎಂಜಿನ್ನಿನಲ್ಲಿಯೂ ಗ್ಯಾಮದ ಅಲಗುಗಳುಂಟು. 2020ರಲ್ಲಿ ಅಮೆರಿಕದ ಪ್ರಮಾಣಪತ್ರವನ್ನು ಪಡೆದ ಜಿಇ9ಎಕ್ಸ್ ಎಂಜಿನ್ನಿನ ಅಲಗುಗಳನ್ನು ಇಟಲಿಯ ಕಮೇರಿಯಲ್ಲಿ ಎಲೆಕ್ಟ್ರಾನ್ ಕಿರಣದ ಮುದ್ರಣದಿಂದ ಕಟ್ಟುವರು.

ಟಿಎನ್‌ಎಂ ಮಿಶ್ರಲೋಹದ ಬಡಿದ ಅಲಗುಗಳು 2016ರಲ್ಲಿ ಏರ್‌ಬಸ್ 320 ನಿಯೊ ವಿಮಾನಗಳ ಪಿಡಬ್ಲ್ಯು1100ಜಿ ಎಂಜಿನ್ನಿನ ಮೂಲಕ ಸೇವೆಗೆ ಬಂದುವು. ಆದರೆ ಆ ಟರ್ಬೈನಿನ ಮೂರನೆಯ ಹಂತದ ಅಲಗುಗಳು, ಮುಂದಣ ಭಾಗಗಳಿಂದ ಕಳಚಿಬಂದ ಚೂರುಗಳ ಆಘಾತಕ್ಕೆ ಸುಲಭವಾಗಿ ಈಡಾಗುವುವೆಂಬುದು ಸೇವಾನುಭವದಿಂದ ತಿಳಿದುಬಂದಿತು. ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2019ರಲ್ಲಿ ಇಲ್ಲಿನ ವಿಮಾನಗಳಿಗೆ ಮಾರ್ಪಡಿಸಿದ ಎಂಜಿನ್ನುಗಳನ್ನು ಅಳವಡಿಸುವಂತೆ ವಿಧಿಸಿತು. 2020ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವೂ ಆ ಅಲಗುಗಳನ್ನು ಬದಲಿಸುವಂತೆ ಆಜ್ಞಾಪಿಸಿತು. ಅವುಗಳ ಸ್ಥಾನಕ್ಕೆ ನಿಕಲ್ ಮಿಶ್ರಲೋಹದ ಅಲಗುಗಳು ಬಂದುವು. ಇತರ ಎಂಜಿನ್ನುಗಳಲ್ಲಿ ನಿರಾತಂಕವಾಗಿ ನಡೆಯುವ ವಸ್ತುವು ಇಲ್ಲಿ ನಿಲ್ಲಲಾರದೆಹೋದುದು ಅದರ ಉಷ್ಣಸಹನೆಯ ಲೋಪವಲ್ಲ, ಆಘಾತವನ್ನು ನುಂಗಿಕೊಳ್ಳಲು ಬೇಕಾದ ತನ್ಯತೆಯ ಅಭಾವ.

ಮೋಟಾರುವಾಹನಗಳಲ್ಲಿ ಟರ್ಬೊಚಾರ್ಜರಿನ ತಿರುಗಾಲಿಯನ್ನು ಗ್ಯಾಮದಿಂದ ಮಾಡಿದರೆ ಅದು ಹಗುರವಾಗಿ ಬೇಗ ವೇಗ ಪಡೆಯುವುದು. ಮಿತ್ಸುಬಿಷಿಯ ಲ್ಯಾನ್ಸರ್ ಎವೊಲ್ಯೂಷನ್ ಕಾರುಗಳಲ್ಲಿ 1990ರ ದಶಕದ ಕೊನೆಯಲ್ಲಿ ಇದು ಬಳಕೆಗೆ ಬಂದಿತು. ಪಂದ್ಯದ ಕಾರುಗಳ ನಿಷ್ಕಾಸ ಕವಾಟಗಳಿಗೂ ಇದನ್ನು ಬಳಸಿರುವರು. ಬೆಲೆಯ ಕಾರಣದಿಂದ ಸಾಮಾನ್ಯ ವಾಹನಗಳಿಗೆ ಇಳಿದುಬಂದಿಲ್ಲ. ಉಚ್ಚಚಾಪದ ಸಂಪೀಡಕದ ಹಿಂದಣ ಅಲಗುಗಳು, ಅತಿವೇಗದ ವಿಮಾನಗಳ ಹೊರಹೊದಿಕೆ ಇವು ಸಂಭಾವ್ಯ ಉಪಯೋಗಗಳು.

ಭಾರತದಲ್ಲಿ

ಟೈಟಾನಿಯಂ ಅಲ್ಯೂಮಿನೈಡುಗಳ ವಿಜ್ಞಾನಕ್ಕೆ ಭಾರತದ ಕೊಡುಗೆ ಮೂಲಭೂತವಾದುದು. ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಸಂಶೋಧನಾಲಯದಲ್ಲಿ ದೀಪಂಕರ ಬ್ಯಾನರ್ಜಿ ಮತ್ತು ಸಂಗಡಿಗರು, ಆಲ್ಫ-2ಕ್ಕೆ ನಯೋಬಿಯಮ್ಮನ್ನು ಸೇರಿಸಿದ ಮಿಶ್ರಲೋಹದಲ್ಲಿ ಅದುವರೆಗೆ ಅಜ್ಞಾತವಾಗಿದ್ದ ಅಸಮಾನ ಲಂಬಾಕ್ಷಗಳ (ಆರ್ಥೊರಾಂಬಿಕ್) ಸ್ಫಟಿಕದ ಸ್ಥಿತಿಯೊಂದನ್ನು ಕಂಡು 1988ರಲ್ಲಿ ಪ್ರಕಟಿಸಿದರು. ಎರಡು ಟೈಟಾನಿಯಂ, ಒಂದು ಅಲ್ಯೂಮಿನಿಯಂ, ಒಂದು ನಯೋಬಿಯಂ ಪರಮಾಣುಗಳುಳ್ಳ ಇದಕ್ಕೆ ‘ಓ’ ಸ್ಥಿತಿಯೆಂದು ಹೆಸರು. ಗ್ಯಾಮಕ್ಕಿಂತ ಭಾರವಾದರೂ ತನ್ಯತೆಯಲ್ಲಿ ಮೇಲಾದ ಒಂದು ಮಿಶ್ರಲೋಹವರ್ಗವೇ ಈ ಸಂಶೋಧನೆಯಿಂದ ಹುಟ್ಟಿ, ಇಂದು ಅನೇಕ ದೇಶಗಳಲ್ಲಿ ಅಭ್ಯಾಸಕ್ಕೊಳಗಾಗಿದೆ. ಬ್ಯಾನರ್ಜಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಇಂಥ ಮಿಶ್ರಲೋಹಗಳ ಮೂಲದ್ರವ್ಯವಾದ ಟೈಟಾನಿಯಂ ಸ್ಪಂಜನ್ನು ಕೇರಳದ ಚವರದ ಕಡಲತೀರದ ಮರಳಿನ ಇಲ್ಮನೈಟಿನಿಂದ ತೆಗೆಯುವ ಕಾರ್ಖಾನೆ 2011ರಲ್ಲಿ ಪ್ರಾರಂಭವಾಯಿತು. ಏರ್ ಇಂಡಿಯ ಸಂಸ್ಥೆಯ 787 ವಿಮಾನಗಳು 2012ರಿಂದ ಹಾರುತ್ತಿರುವುದು ಜಿಇಎನ್‌ಎಕ್ಸ್ ಎಂಜಿನ್ನುಗಳಿಂದಲೇ.

ಈಗಿನ ಸ್ಥಿತಿ

ಪ್ರಯೋಗಶಾಲೆಯಲ್ಲಿ ದೊರೆತ ಈಚಿನ ಫಲಗಳಲ್ಲಿ ಅತ್ಯಂತ ಗಮನಾರ್ಹವಾದುದು, ಚೀನದ ನಾನ್‌ಜಿಂಗಿನಲ್ಲಿ ಚೆನ್ ಗುವಾಂಗ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಬಹುಯಮಳ ಸ್ಫಟಿಕ. 45 ಭಾಗ ಅಲ್ಯೂಮಿನಿಯಂ, 8 ಭಾಗ ನಯೋಬಿಯಂ ಉಳ್ಳ ಮಿಶ್ರಲೋಹವನ್ನು ಪದರಗಳೆಲ್ಲ ಎಳೆತದ ದಿಕ್ಕಿಗೆ ಸಮಾಂತರವಾಗುವಂತೆ ಬೆಳೆಸಿದಾಗ, ಕೋಣೆಯ ಉಷ್ಣತೆಯಲ್ಲಿ ನೂರಕ್ಕೆ 6.9 ಭಾಗ ತನ್ಯತೆಯೂ 708 ಮೆಗಾಪಾಸ್ಕಲ್ ಶರಣಾಗುವ ಒತ್ತಡವೂ ಏಕತ್ರ ದೊರೆತುವು. 900°ಯಲ್ಲಿಯೂ 637 ಮೆಗಾಪಾಸ್ಕಲ್ ಉಳಿಯಿತು. ಕ್ಯೋಟೊದ ಪ್ರಯೋಗಗಳು ಸೂಚಿಸಿದ್ದ ದಾರಿಯಲ್ಲಿಯೇ ಇದು ನಡೆದುದು. ಆದರೆ ಪರೀಕ್ಷೆಯ ಸಣ್ಣ ಕಂಬಿಯಲ್ಲಿ ಸಿದ್ಧಿಸಿದ ಏಕದಿಕ್ಕಿನ ರಚನೆಯನ್ನು, ತಿರುಚಿಕೊಂಡ ಆಕಾರದ ಸಂಪೂರ್ಣ ಅಲಗಿನಲ್ಲಿ, ಬುಡದಿಂದ ತುದಿಯವರೆಗೆ, ಸಹಸ್ರಾರು ಸಲ ಒಂದೇ ರೀತಿಯಾಗಿ ತರುವುದು ಬೇರೆಯೇ ಕಾರ್ಯ. ನಿಕಲ್ ಮಿಶ್ರಲೋಹಗಳ ಏಕಸ್ಫಟಿಕ ಅಲಗುಗಳನ್ನು ಬೆಳೆಸುವ ಕೌಶಲವು ಇಲ್ಲಿ ಪೂರ್ತಿಯಾಗಿ ನೆರವಿಗೆ ಬಾರದು. ಗ್ಯಾಮದ ಪದರಗಳು ದ್ರವ ಹೆಪ್ಪುಗಟ್ಟುವಾಗ ಹುಟ್ಟದೆ, ಅನಂತರ ಘನಾವಸ್ಥೆಯಲ್ಲಿ ಆಲ್ಫವು ಒಡೆಯುವಾಗ ಹುಟ್ಟುವುದರಿಂದ, ಹೆಪ್ಪುಗಟ್ಟುವ ದಿಕ್ಕನ್ನು ಹಿಡಿದ ಮಾತ್ರಕ್ಕೆ ಪದರಗಳ ದಿಕ್ಕು ಕೈವಶವಾಗದು. ಅದನ್ನು ವಶಪಡಿಸಿಕೊಳ್ಳಲು ಬೀಜಸ್ಫಟಿಕವನ್ನು ಬಳಸುವ ಕ್ರಮವೂ, ಬೀಟ ಸ್ಥಿತಿಯ ಮೂಲಕ ಹೆಪ್ಪುಗಟ್ಟಿಸುವ ಕ್ರಮವೂ ಪ್ರಯೋಗದಲ್ಲಿವೆ.